ಸುವಾರ್ತಾಳಿಗೆ ಕರೆ ಬರಲಿಲ್ಲ

“ಕರದಿ ಏನವ್ವಾ?”

ಸುವಾರ್ತಾ ಏದುಸಿರು ಬಿಡುತ್ತ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ಮೇಲೆತ್ತಿದ್ದು ಹಾಗೇ ನಿಂತಿತು.

“ನಾ ಎಲ್ಲಿ ಕರದೆ? ನನ್ನ ಬಾಯಿ ಮುಚ್ಚೇ ಐತಿ.”

“ಯಾರೋ ಕರದಂಗ ಆತು.”

“ಮುಂಜಾನಿಂದ ಹಿಂಗ ಓಡಿ ಬರಾಕತ್ತಿ. ಕಿವ್ಯಾಗ ಏನರ ಹೊಕ್ಕೇತೇನು? ಬಾ ಇಲ್ಲೆ, ಎಣ್ಣಿ ಬಿಡ್ತೇನಿ.”

ಎಣ್ಣೆಯ ಮಾತು ಬಂದದ್ದೇ ತಡ, ಸುವಾರ್ತಾ ಅಲ್ಲಿಂದ ಕಾಲು ಕಿತ್ತಳು. ಪಕ್ಕದ ಮನೆಯ ಖುರ್ಷಿದಾಬೇಗಂ ಚಾಚಿ ಕರೆದಿರಬಹುದೆಂದು ಅಲ್ಲಿಗೂ ಹೋಗಿ ಕೇಳಿದಳು. ಚಾಚಿ ಕರೆದದ್ದು ಸುವಾರ್ತಾಳನ್ನಲ್ಲ, ಕೋಳಿಯನ್ನು. ಕೋಳಿ ಬಂದಿರಲಿಲ್ಲ, ಸುವಾರ್ತಾ ಬಂದಿದ್ದಳು. ಚಾಚಿಗೆ ನಗು ತಡೆಯಲಾಗಲಿಲ್ಲ.

ಆದರೆ ಸುವಾರ್ತಾಳಿಗೆ ನಗು ಬರಲಿಲ್ಲ. ಅವಳು ನಿಜವಾಗಿಯೂ ಒಂದು ಕರೆಗಾಗಿ ಕಾಯುತ್ತಿದ್ದಳು. ಕರೆಯಬೇಕಾದವನು ದೇವರು.

ಇದೆಲ್ಲ ಶುರುವಾದದ್ದು ಹೋದ ಭಾನುವಾರ, ವಾಸ್ಕೋದ ಸಂಡೇ ಸ್ಕೂಲಿನಲ್ಲಿ. ಅಲ್ಲಿ ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಕನ್ನಡ ಸಭೆಯವರು ಆರಾಧನೆ ನಡೆಸುತ್ತಿದ್ದರು. ಬೆಟಗೇರಿ, ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಕೆಲಸ ಹುಡುಕಿಕೊಂಡು ಗೋವಾಕ್ಕೆ ಬಂದ ಕ್ರೈಸ್ತ ಮನೆತನಗಳೆಲ್ಲ ಭಾನುವಾರ ಅಲ್ಲಿ ಸೇರುತ್ತಿದ್ದವು. ಸುವಾರ್ತಾಳ ಅಪ್ಪ ಸಾಂಕೋಲೆಯ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್. ವಾರವಿಡೀ ಗ್ರೀಸಿನಲ್ಲಿ ಮುಳುಗಿರುವ ಅವನ ಕೈಗಳು ಅವತ್ತೊಂದು ದಿನ ಸೋಪಿನ ವಾಸನೆ ಬೀರುತ್ತಿದ್ದವು.

ಸಂಡೇ ಸ್ಕೂಲಿನ ಸಲೋಮಿ ಟೀಚರ್ ಹೋದ ಭಾನುವಾರ ಒಂದು ಕತೆ ಹೇಳಿದ್ದರು. ಬಹಳ ಹಿಂದಿನ ಕಾಲದಲ್ಲಿ ದೇವಾಲಯದಲ್ಲಿ ಮಲಗಿದ್ದ ಒಬ್ಬ ಹುಡುಗನನ್ನು ದೇವರು ಹೆಸರು ಹಿಡಿದು ಕರೆದನಂತೆ. ಹುಡುಗನಿಗೆ ಗೊತ್ತಾಗದೆ, ಮುದುಕ ಯಾಜಕರೇ ಕರೆದರೆಂದು ಅವರ ಹತ್ತಿರ ಓಡಿಹೋದನಂತೆ. ಕತೆ ಮುಗಿಸಿ ಟೀಚರ್ ಕನ್ನಡಕ ಸರಿಮಾಡಿಕೊಂಡು ಹೇಳಿದ್ದರು: ಬರುವ ವಾರ ಮಕ್ಕಳ ಭಾನುವಾರ. ಹುಬ್ಬಳ್ಳಿಯಿಂದ ಹಿರಿಯ ಪಾದ್ರಿ ಅಯ್ಯನವರು ಬರುತ್ತಾರೆ. ದೊಡ್ಡ ಕ್ಲಾಸಿನವರು ಒಬ್ಬೊಬ್ಬರೇ ಮುಂದೆ ಹೋಗಿ, ತಮ್ಮ ಜೀವನದಲ್ಲಿ ಏನು ಮಾಡುತ್ತೇವೆಂದು ಸಭೆಯ ಎದುರು ಹೇಳಬೇಕು. ಅಯ್ಯನವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಾರೆ.

“ಬಾಯಿಗೆ ಬಂದದ್ದು ಹೇಳಬ್ಯಾಡ್ರಿ,” ಎಂದಿದ್ದರು ಟೀಚರ್. “ದೇವರನ್ನ ಕೇಳ್ರಿ. ಒಬ್ಬೊಬ್ಬರಿಗೂ ಒಂದೊಂದು ಕೆಲಸ ಇಟ್ಟಾನ. ಆತ ಕರೀತಾನ.”

ದಿನಕರನಿಗೆ ಮರುದಿನವೇ ಕರೆ ಬಂತು. ಅವನ ಮನೆಯ ಮೇಲೆ ದಾಬೋಳಿ ನಿಲ್ದಾಣದ ವಿಮಾನಗಳು ತೀರ ಕೆಳಗೆ ಹಾರುತ್ತಿದ್ದವು. ಅಂಥದೊಂದು ವಿಮಾನ ಹೋಗುವಾಗಲೇ ತನಗೆ ಒಳಗಿನಿಂದ ಪೈಲಟ್ ಆಗಬೇಕು ಅನ್ನಿಸಿತು ಎಂದು ಅವನು ಶಾಲೆಯ ಬಸ್ಸಿನಲ್ಲಿ ಎಲ್ಲರಿಗೂ ಸಾರಿದ. ಸುವಾರ್ತಾಳಿಗೆ ನಂಬಿಕೆ ಬರಲಿಲ್ಲ. ಆದರೂ ಅವನಿಗೆ ವಿಮಾನವಾದರೂ ಬಂದಿತ್ತು. ತನಗೆ ಏನೂ ಬಂದಿರಲಿಲ್ಲ.

ಅವಳೇನು ಸುಮ್ಮನೆ ಕೂತಿರಲಿಲ್ಲ. ಗೋವಾದಲ್ಲಿ ಮಧ್ಯಾಹ್ನ ಉಂಡಮೇಲೆ ಅಂಗಡಿಗಳೂ ಬಾಗಿಲು ಹಾಕಿಕೊಂಡು ನಿದ್ದೆ ಮಾಡುತ್ತವೆ. ಆ ಹೊತ್ತಿಗೆ ಅವಳು ಮನೆಯ ಹಿಂದಿನ ನೀರಿನ ಟಾಕಿಯ ಮೇಲೆ ಹತ್ತಿ ಕೂತು ಕಿವಿ ನಿಮಿರಿಸುತ್ತಿದ್ದಳು. ಕಾಗೆ ಕೂಗಿತು. ಯಾರದೋ ಮನೆಯಲ್ಲಿ ತಟ್ಟೆ ಬಿತ್ತು. ಒಮ್ಮೆ ದೂರದಿಂದ ಸಣ್ಣಗೆ ಏನೋ ಕೇಳಿಸಿ ಅವಳ ಮೈಯೆಲ್ಲ ಜುಮ್ಮೆಂದಿತು. ನೋಡಿದರೆ ಸೈಕಲ್ಲಿನ ಮೇಲೆ ಪಾವ್ ಮಾರುವವನು ಪೋಂ ಪೋಂ ಮಾಡುತ್ತ ಬರುತ್ತಿದ್ದ.

ಶನಿವಾರ ಬಂದೇ ಬಿಟ್ಟಿತು.

“ನರ್ಸ್ ಆಗ್ತೇನಿ ಅಂತ ಹೇಳು,” ಎಂದಳು ಅವ್ವ, ರೊಟ್ಟಿ ತಿರುವಿ ಹಾಕುತ್ತ. “ನಿಮ್ಮ ದೊಡ್ಡವ್ವ ಬೆಟಗೇರಿ ದವಾಖಾನ್ಯಾಗ ನರ್ಸ್ ಇದ್ಲು. ಎಲ್ಲಾರಿಗೂ ಖುಷಿ ಆಗತೈತಿ.”

ಖುಷಿ ಆಗುತ್ತದೆ, ಅದು ಸುವಾರ್ತಾಳಿಗೂ ಗೊತ್ತಿತ್ತು. ಆದರೆ ಕರೆಯದೇ ಇದ್ದಾಗ ಕರೆದ ಎಂದು ಹೇಳುವುದು ಸುಳ್ಳಲ್ಲವೇ? ಅದೂ ದೇವರ ಎದುರಿಗೇ, ಅಯ್ಯನವರ ಕೈ ತಲೆಯ ಮೇಲಿರುವಾಗ? ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಒಂದೊಂದು ಕೆಲಸ ಇಟ್ಟ ದೇವರು ತನಗೆ ಇಡಲು ಮರೆತಿದ್ದರೆ?

ಆ ಮಧ್ಯಾಹ್ನ ಅವ್ವ ಒಂದು ಡಬ್ಬಿಯಲ್ಲಿ ಶೇಂಗಾ ಹಿಂಡಿ ಹಾಕಿ ಚಾಚಿಗೆ ಕೊಟ್ಟು ಬಾ ಎಂದು ಕಳಿಸಿದಳು. ಚಾಚಿಯ ಮನೆಯವರು ವಿಜಾಪುರದವರು. ಗೋವಾದ ಅನ್ನ ಎಷ್ಟು ತಿಂದರೂ ಅವರಿಗೆ ಶೇಂಗಾ ಹಿಂಡಿ ಇಲ್ಲದೆ ಊಟವಾದಂತೆ ಅನ್ನಿಸುತ್ತಿರಲಿಲ್ಲ.

ಚಾಚಿ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದಳು. ಅವಳ ಮಗಳು ಶರೀಫಾ ಬೆನ್ನು ತಿರುಗಿಸಿ ಹಿತ್ತಲಲ್ಲಿ ಕುಂಟಬಿಲ್ಲೆಯ ಮನೆ ಗೀಚುತ್ತಿದ್ದಳು. ಚಾಚಿ ಕಾಲಿನಿಂದ ನೆಲವನ್ನು ದಪ್ಪ್ ಎಂದು ಬಡಿದಳು. ಶರೀಫಾ ಕೂಡಲೇ ತಿರುಗಿದಳು.

ಶರೀಫಾಗೆ ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಮಾತೂ ಇರಲಿಲ್ಲ. ಶಾಲೆಗೆ ಸೇರಿಸಲು ಹೋದಾಗ ಇಂಥವರಿಗೆ ನಮ್ಮಲ್ಲಿ ಆಗುವುದಿಲ್ಲ ಎಂದು ಕಳಿಸಿದ್ದರಂತೆ. ಹಾಗಂತ ಅವಳೇನು ಪಾಪದ ಹುಡುಗಿಯಲ್ಲ. ಕುಂಟಬಿಲ್ಲೆಯಲ್ಲಿ ಗೆರೆ ತುಳಿದರೂ ತುಳಿದಿಲ್ಲ ಎಂದು ವಾದಿಸುತ್ತಿದ್ದಳು, ಎರಡೂ ಕೈ ಬೀಸಿ, ಕಣ್ಣು ದೊಡ್ಡದು ಮಾಡಿ. ಅವಳೊಂದಿಗೆ ವಾದಿಸಿ ಗೆದ್ದವರು ಆ ಮನೆಗಳ ಸಾಲಿನಲ್ಲಿ ಯಾರೂ ಇರಲಿಲ್ಲ.

ಸುವಾರ್ತಾಳನ್ನು ಕಂಡಕೂಡಲೇ ಶರೀಫಾ ಬೆರಳಿನಿಂದ ತನ್ನ ಮುಂದಿನ ಹಲ್ಲನ್ನು ತಟ್ಟಿಕೊಂಡಳು. ಸುವಾರ್ತಾಳ ಮುಂದಿನ ಹಲ್ಲು ಒಂದು ಮೂಲೆ ಮುರಿದಿತ್ತು. ಹಲ್ಲು ತಟ್ಟಿದರೆ ಸುವಾರ್ತಾ ಎಂದರ್ಥ.

ಆಡುತ್ತ ಆಡುತ್ತ ಸುವಾರ್ತಾಳಿಗೆ ಒಂದು ಯೋಚನೆ ಬಂದು ಬಿಲ್ಲೆ ಕೈಯಲ್ಲೇ ಉಳಿಯಿತು. ದೇವರು ಹೆಸರು ಹಿಡಿದು ಕರೆದರೂ ಶರೀಫಾಗೆ ಕೇಳಿಸುವುದಾದರೂ ಹೇಗೆ? ಇವಳಿಗೂ ಏನಾದರೂ ಆಗಬೇಕು ಅಂತ ಇರುತ್ತದೆಯೇ? ಯಾರಾದರೂ ಕೇಳಿದ್ದಾರೆಯೇ?

ಅವಳು ಕೇಳಿಯೇ ಬಿಟ್ಟಳು. ಶರೀಫಾಳನ್ನು ತೋರಿಸಿದಳು, ಕೈಯನ್ನು ತಲೆಗಿಂತ ಮೇಲೆ ಎತ್ತಿ ಇಷ್ಟು ದೊಡ್ಡವಳಾದ ಮೇಲೆ ಎಂದಳು, ಆಮೇಲೆ ಎರಡೂ ಅಂಗೈ ಬಿಚ್ಚಿ ಏನು ಎಂದಳು. ಶರೀಫಾ ತಲೆಯ ಮೇಲಿನ ಮಾವಿನ ಮರ ನೋಡಿ, ಕಾಯಿ ಇನ್ನೂ ಬಂದಿಲ್ಲ ಎಂದು ಸನ್ನೆ ಮಾಡಿದಳು. ಸುವಾರ್ತಾ ಇಲ್ಲ ಇಲ್ಲ ಎಂದು ತಲೆ ಆಡಿಸಿ ಮತ್ತೆ ಕೇಳಿದಳು. ಚಾಚಿಯನ್ನು ತೋರಿಸಿ ಮಷಿನ್ ತುಳಿದಂತೆ ಮಾಡಿದಳು. ತನ್ನ ಅಪ್ಪನಂತೆ ನಟ್ಟು ಬಿಗಿಯುವ ಪಾನಾ ತಿರುಗಿಸಿ ತೋರಿಸಿದಳು. ಆಮೇಲೆ, ನೀನು?

ಶರೀಫಾಳ ಕೈ ಹಾಗೇ ನಿಂತಿತು. ಅವಳು ಸುವಾರ್ತಾಳ ಮುಖವನ್ನೇ ನೋಡಿದಳು. ಯಾವಾಗಲೂ ನೂರು ಮಾತಾಡುವ ಆ ಮುಖ ಈಗ ಸುಮ್ಮನಾಗಿತ್ತು. ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಅವಳಿಗೆ ಯಾರೂ ಕೇಳಿರಲಿಲ್ಲ ಎಂದು ಸುವಾರ್ತಾಳಿಗೆ ಆಗ ಗೊತ್ತಾಯಿತು.

ಆಮೇಲೆ ಶರೀಫಾ ಅವಳ ಮುಂಗೈ ಹಿಡಿದು ಓಡತೊಡಗಿದಳು.

ಮನೆಗಳ ಸಾಲು ದಾಟಿ, ತೆಂಗಿನ ಮರಗಳ ನಡುವಿನ ಇಳಿಜಾರು ದಾಟಿ, ಜುವಾರಿ ನದಿಯ ದಂಡೆಯವರೆಗೆ. ಅಲ್ಲಿಗೆ ಇಬ್ಬರೇ ಹೋಗಬಾರದೆಂದು ಎರಡೂ ಮನೆಯಲ್ಲಿ ಕಟ್ಟಪ್ಪಣೆ ಇತ್ತು. ಆದರೆ ಶರೀಫಾಳ ಹಿಡಿತ ಬಿಡಿಸಿಕೊಳ್ಳುವಂಥದಲ್ಲ.

ನದಿಯಲ್ಲಿ ನೀರು ಇಳಿದಿತ್ತು. ದಂಡೆಯಲ್ಲಿ ಕಪ್ಪು ಕೆಸರು ಹೊಳೆಯುತ್ತಿತ್ತು. ಅಲ್ಲೊಂದು ಹಳೆಯ ಬಾರ್ಜ್ ಅರ್ಧ ಕೆಸರಿನಲ್ಲಿ, ಅರ್ಧ ನೀರಿನಲ್ಲಿ ಬಿದ್ದಿತ್ತು. ಗಣಿಯ ಕೆಂಪು ಅದಿರನ್ನು ಬಂದರಿಗೆ ಸಾಗಿಸುವ ಉದ್ದನೆಯ ಕಬ್ಬಿಣದ ದೋಣಿ ಅದು. ಕೆಟ್ಟುಹೋದಮೇಲೆ ಯಾರೋ ತಂದು ಅಲ್ಲಿ ಬಿಟ್ಟಿದ್ದರು.

ಶರೀಫಾ ಅದರ ಪಕ್ಕಕ್ಕೆ ಅಂಗೈ ಇಟ್ಟಳು. ಕೆನ್ನೆಯನ್ನೂ ಇಟ್ಟಳು. ಸುವಾರ್ತಾಳ ಕೈಯನ್ನು ಎಳೆದು ಪಕ್ಕದಲ್ಲೇ ಒತ್ತಿದಳು.

ಕಬ್ಬಿಣ ಬೆಚ್ಚಗಿತ್ತು. ಅಷ್ಟೇ. ಸುವಾರ್ತಾ ಕೈ ತೆಗೆಯಲು ನೋಡಿದಳು. ಶರೀಫಾ ಬಿಡಲಿಲ್ಲ. ತಡಿ, ಎಂದು ಕಣ್ಣಿನಲ್ಲೇ ಗದರಿಸಿದಳು. ನದಿ ಖಾಲಿ ಇತ್ತು. ಬಕ ಪಕ್ಷಿಯೊಂದು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ, ಸದ್ದೂ ಇರಲಿಲ್ಲ.

ಆಗ ಅಂಗೈಯಲ್ಲಿ ಏನೋ ಆಯಿತು.

ಬೀಸುಕಲ್ಲು ತಿರುಗುವಾಗ ನೆಲಕ್ಕೆ ಕೈಯಿಟ್ಟರೆ ಆಗುವಂಥ ಒಂದು ಸಣ್ಣ ನಡುಕ. ಮೊದಲು ಇದೆಯೋ ಇಲ್ಲವೋ ಅನ್ನುವಷ್ಟು. ಆಮೇಲೆ ಇದೆ. ಅದು ಮೆಲ್ಲಗೆ ಬೆಳೆಯಿತು. ಬೆರಳುಗಳಿಗೆ ಬಂತು, ಮೊಣಕೈಗೆ ಏರಿತು. ಸುವಾರ್ತಾ ನದಿಯ ಕಡೆ ನೋಡಿದಳು. ಈಗಲೂ ಏನೂ ಇಲ್ಲ. ಕಿವಿಗೊಟ್ಟಳು. ಏನೂ ಇಲ್ಲ. ಆದರೆ ಕಬ್ಬಿಣದೊಳಗೆ ಯಾವುದೋ ದೊಡ್ಡದು ಬರುತ್ತಿತ್ತು. ಅವಳ ತೋಳಿನ ಕೂದಲು ನಿಮಿರಿದವು. ಹೆದರಿಕೆಯೋ ಸಂತೋಷವೋ ಅವಳಿಗೆ ತಿಳಿಯಲಿಲ್ಲ. ಅಳು ಬರುವ ಹಾಗಾಯಿತು.

ಎಷ್ಟೋ ಹೊತ್ತಿನ ಮೇಲೆ ಕಿವಿಗೆ ಎಂಜಿನ್ನಿನ ಸದ್ದು ಬಿತ್ತು. ಅದಾದ ಮೇಲೆ ನದಿಯ ತಿರುವಿನಿಂದ ಬಾರ್ಜ್ ಬಂತು. ಕೆಂಪು ಅದಿರಿನ ಗುಡ್ಡೆಗಳನ್ನು ಹೊತ್ತು, ನೀರನ್ನು ಎರಡೂ ಕಡೆ ಸರಿಸುತ್ತ, ಒಂದು ಬೀದಿಯೇ ತೇಲಿ ಬರುತ್ತಿದೆ ಅನ್ನುವಷ್ಟು ಉದ್ದ. ಹಿಂಭಾಗದ ಗಾಜಿನ ಕೋಣೆಯಲ್ಲಿ ಒಬ್ಬ ಮನುಷ್ಯ ಚಕ್ರ ಹಿಡಿದು ನಿಂತಿದ್ದ. ಅವನು ಶರೀಫಾಳನ್ನು ನೋಡಿ ಕೈ ಬೀಸಿದ. ಹಳೆಯ ಪರಿಚಯವೇ ಇರಬೇಕು.

ಶರೀಫಾ ಅವನನ್ನು ತೋರಿಸಿದಳು. ಆಮೇಲೆ ತನ್ನ ಎದೆಯನ್ನು ತಟ್ಟಿಕೊಂಡಳು.

ಅದೇ ಅವಳ ಉತ್ತರವಾಗಿತ್ತು. ಯಾರೂ ಕೇಳದಿದ್ದರೂ ಅದು ಎಷ್ಟು ದಿನಗಳಿಂದ ಅವಳೊಳಗೆ ಸಿದ್ಧವಾಗಿ ಕೂತಿತ್ತೋ. ಸುವಾರ್ತಾ ಅವಳನ್ನು ಬಾಯಿ ತೆರೆದು ನೋಡಿದಳು. ದಿನವೂ ಜಗಳಾಡುವ ಅದೇ ಶರೀಫಾ, ಅದೇ ಹರಿದ ಲಂಗ. ಆದರೂ ಮೊದಲ ಸಲ ನೋಡುತ್ತಿರುವಂತೆ ಅನ್ನಿಸಿತು.

ಬಾರ್ಜ್ ಹತ್ತಿರ ಬಂದಾಗ ಶರೀಫಾ ಅದರ ಪಕ್ಕದಲ್ಲಿ ಬರೆದ ದೊಡ್ಡ ಅಕ್ಷರಗಳನ್ನು ತೋರಿಸಿದಳು. ಗಾಜಿನ ಕೋಣೆಯ ಮನುಷ್ಯನನ್ನು ತೋರಿಸಿ, ಕೈಯಲ್ಲಿ ಕಾಗದ ಹಿಡಿದು ಓದುವ ಹಾಗೆ ಮಾಡಿ, ತಲೆ ಆಡಿಸಿದಳು. ತನಗೆ ಓದಲು ಬರುವುದಿಲ್ಲ. ಓದದವರನ್ನು ಅಲ್ಲಿ ನಿಲ್ಲಿಸುವುದಿಲ್ಲ. ಅಷ್ಟು ಅವಳಿಗೆ ಗೊತ್ತಿತ್ತು. ಅವಳು ಕೂತು, ಕೆಸರಿನಲ್ಲಿ ಬೆರಳಿನಿಂದ ಎಂಥದೋ ಸೊಟ್ಟ ಗೆರೆಗಳನ್ನು ಎಳೆದಳು. ಅವು ಯಾವ ಅಕ್ಷರವೂ ಆಗಿರಲಿಲ್ಲ. ಆಮೇಲೆ ಕೆಸರು ಮೆತ್ತಿದ ಅದೇ ಬೆರಳಿನಿಂದ ತನ್ನ ಮುಂದಿನ ಹಲ್ಲನ್ನು ತಟ್ಟಿ, ಕೆಸರನ್ನು ತೋರಿಸಿದಳು.

ಸುವಾರ್ತಾ ಲಂಗ ಎತ್ತಿ ಕಟ್ಟಿಕೊಂಡು ಕೆಸರಿನಲ್ಲಿ ಕೂತಳು.

ಕನ್ನಡದಲ್ಲೇ ಶುರು ಮಾಡೋಣ ಎಂದು ಅವಳು ದೊಡ್ಡದಾಗಿ ‘ಶ’ ಬರೆದಳು. ಬರೆದಮೇಲೆ ಕಷ್ಟ ಗೊತ್ತಾಯಿತು. ಇದು ‘ಶ’ ಎಂದು ಕಿವಿ ಕೇಳದವಳಿಗೆ ಹೇಳುವುದು ಹೇಗೆ? ಅವಳು ಬಾಯಿ ಅಗಲಿಸಿ ತೋರಿಸಿದಳು. ಗಟ್ಟಿಯಾಗಿ ಕೂಗಿದಳು. ಕೂಗಿ ಏನು ಪ್ರಯೋಜನವೆಂದು ತನ್ನ ಮೇಲೆ ತಾನೇ ಸಿಟ್ಟಾದಳು. ಶರೀಫಾ ಹುಬ್ಬು ಗಂಟಿಕ್ಕಿ ಅವಳ ತುಟಿಗಳನ್ನೇ ನೋಡುತ್ತಿದ್ದಳು. ನೋಡಿ ನೋಡಿ ಸಾಕಾಗಿ, ಕೈ ಚಾಚಿ ತನ್ನ ಅಂಗೈಯನ್ನು ಸುವಾರ್ತಾಳ ಗಂಟಲಿನ ಮೇಲೆ ಇಟ್ಟಳು.

“ಶರೀಫಾ,” ಎಂದಳು ಸುವಾರ್ತಾ.

ಶರೀಫಾಳ ಕಣ್ಣು ಅರಳಿದವು.

“ಶರೀಫಾ,” ಎಂದು ಸುವಾರ್ತಾ ಮತ್ತೆ ಹೇಳಿ, ಕೆಸರಿನಲ್ಲಿ ಬರೆದದ್ದನ್ನು ತೋರಿಸಿದಳು, ಅವಳ ಎದೆಯನ್ನು ಮುಟ್ಟಿದಳು. ಶರೀಫಾ ಗಂಟಲಿನಿಂದ ಕೈ ತೆಗೆಯಲೇ ಇಲ್ಲ. ಮತ್ತೆ, ಮತ್ತೆ, ಎಂದು ಇನ್ನೊಂದು ಕೈ ಆಡಿಸಿದಳು. ನೀರು ಏರಿ ಬಂದು ಅಕ್ಷರದ ಕಾಲು ಕರಗುವವರೆಗೂ ಸುವಾರ್ತಾ ಅದೊಂದೇ ಹೆಸರನ್ನು ಹೇಳುತ್ತ ಹೋದಳು.

ಮನೆಗೆ ಬರುವ ಹೊತ್ತಿಗೆ ಇಬ್ಬರೂ ಮೊಣಕಾಲಿನವರೆಗೆ ಕರ್ರಗಾಗಿದ್ದರು. ಬಾಗಿಲಲ್ಲಿ ಅವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಚಾಚಿಯ ಕೈಯಲ್ಲಿ ಅಳತೆಯ ಕೋಲು ಇತ್ತು. ಬೈಗುಳ ಎರಡೂ ಕಡೆಯಿಂದ ಶುರುವಾಯಿತು. ಹೊಳೆಗೆ ಬಿದ್ದಿದ್ದರೆ ಏನು ಗತಿ, ಹುಡುಕದ ಜಾಗವಿಲ್ಲ, ಇಬ್ಬರ ಕಾಲೂ ಮುರಿಯಬೇಕು. ಚಾಚಿ ಮಗಳ ರಟ್ಟೆ ಹಿಡಿದು ಕೋಲೆತ್ತಿ ಒದರುತ್ತಿದ್ದಳು.

ಶರೀಫಾ ಹೆದರಲಿಲ್ಲ. ಅಮ್ಮ ಬೈಯುತ್ತಿರುವಾಗಲೇ ಕೆಸರಿನ ಅಂಗೈಯನ್ನು ಎತ್ತಿ ಅವಳ ಗಂಟಲಿನ ಮೇಲೆ ಇಟ್ಟಳು.

ಚಾಚಿಯ ಮಾತು ಅಲ್ಲಿಗೇ ನಿಂತಿತು.

“ಚಾಚಿ, ಆಕಿ ಹೆಸರು ಕರೀರಿ,” ಎಂದಳು ಸುವಾರ್ತಾ. “ಆಕಿಗೆ ಕೈಯಾಗ ಗೊತ್ತಾಗತೈತ್ರಿ.”

ಚಾಚಿ ಒಮ್ಮೆ ಸುವಾರ್ತಾಳನ್ನು, ಒಮ್ಮೆ ಮಗಳನ್ನು ನೋಡಿದಳು. ಕೋಲು ಕೆಳಗಿಳಿಯಿತು. “ಶರೀಫಾ,” ಎಂದಳು. ದನಿ ತೀರ ಸಣ್ಣಗೆ ಬಂತು. ಶರೀಫಾ ನಕ್ಕು, ತನ್ನ ಎದೆಯನ್ನು ತಟ್ಟಿಕೊಂಡಳು.

ಮಗಳು ಹುಟ್ಟಿದ ದಿನ ಇಟ್ಟ ಹೆಸರು ಅದು. ಅದಕ್ಕೆ ಅವಳು ಓಗೊಟ್ಟದ್ದು ಇದೇ ಮೊದಲು. ಚಾಚಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಮಗಳ ಕೈಯನ್ನು ಗಂಟಲಿಗೆ ಒತ್ತಿ ಹಿಡಿದು ಶರೀಫಾ, ಶರೀಫಾ ಎನ್ನುತ್ತಿದ್ದಳು. ಕಣ್ಣೀರು ಇಳಿದು ಆ ಪುಟ್ಟ ಕೈಯ ಕೆಸರನ್ನು ತೊಳೆಯುತ್ತಿತ್ತು. ಸುವಾರ್ತಾಳ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೈಗುಳದ ನೆನಪು ಯಾರಿಗೂ ಉಳಿಯಲಿಲ್ಲ. ಇನ್ನು ಮುಂದೆ ಹೊಳೆಗೆ ಹೋದರೆ ಅಪ್ಪನ ಜೊತೆಗೇ ಹೋಗಬೇಕು ಎಂದಷ್ಟೇ ಅವ್ವ ಆಮೇಲೆ ಹೇಳಿದಳು.

ಭಾನುವಾರ ಹಾಲ್ ತುಂಬಿತ್ತು. ಹಿರಿಯ ಅಯ್ಯನವರು ಬಿಳಿ ನಿಲುವಂಗಿ ತೊಟ್ಟು ಮುಂದೆ ನಿಂತಿದ್ದರು. ದಿನಕರ ಪೈಲಟ್ ಎಂದಾಗ ಸಭೆಯೆಲ್ಲ ಮೆಚ್ಚಿ ತಲೆದೂಗಿತು. ಒಬ್ಬ ಹುಡುಗಿ ಡಾಕ್ಟರ್ ಎಂದಳು, ಅವಳ ಅಜ್ಜಿ ಕಣ್ಣೊರೆಸಿಕೊಂಡಳು. ಆಮೇಲೆ ಸುವಾರ್ತಾಳ ಸರದಿ ಬಂತು.

“ನೀ ಏನ್ ಮಾಡ್ತಿ ತಂಗಿ?” ಎಂದರು ಅಯ್ಯನವರು.

“ಶರೀಫಾಗ ಓದಾಕ, ಬರಿಯಾಕ ಕಲಸ್ತೇನ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಲೋಮಿ ಟೀಚರ್ ಬಾಗಿ, ದೊಡ್ಡವಳಾದ ಮೇಲೆ ಏನಾಗುತ್ತಿ ಅಂತ ಹೇಳಬೇಕಮ್ಮಾ, ಎಂದು ಪಿಸುಗುಟ್ಟಿದರು.

“ಅದು ನನಗಿನ್ನೂ ಗೊತ್ತಾಗಿಲ್ರಿ, ಟೀಚರ್,” ಎಂದಳು ಸುವಾರ್ತಾ. “ಇಷ್ಟ ಗೊತ್ತಾಗೇತ್ರಿ.”

ಅಯ್ಯನವರು ಕನ್ನಡಕ ತೆಗೆದು ಅವಳ ಎತ್ತರಕ್ಕೆ ಬಾಗಿದರು. ಶರೀಫಾ ಯಾರು ಎಂದು ವಿಚಾರಿಸಿದರು. ಬಾಜೂ ಮನೆಯವಳು, ಕಿವಿ ಕೇಳುವುದಿಲ್ಲ, ಮುಂದೆ ಬಾರ್ಜ್ ನಡೆಸುತ್ತಾಳೆ, ಅದಕ್ಕೆ ಓದು ಬೇಕು ಎಂದು ಸುವಾರ್ತಾ ಇದ್ದದ್ದನ್ನು ಇದ್ದಂತೆ ಹೇಳಿದಳು. ಈಗ ಯಾರೂ ನಗಲಿಲ್ಲ.

“ಯಾವಾಗ ಶುರು ಮಾಡ್ತಿ?”

“ಇವತ್ತ ಮಧ್ಯಾಹ್ನ್ರಿ. ನೀರು ಇಳದಿರತೈತಿ. ಬರಿಯಾಕ ಕೆಸರು ಚಲೋ ಸಿಗತೈತಿ.”

ಅಯ್ಯನವರು ತಮ್ಮ ದೊಡ್ಡ ಕೈಯನ್ನು ಅವಳ ತಲೆಯ ಮೇಲಿಟ್ಟು ಕಣ್ಣು ಮುಚ್ಚಿದರು.

ಪ್ರಾರ್ಥನೆ ಉದ್ದವಾಗಿತ್ತು. ಸುವಾರ್ತಾ ಕಣ್ಣು ಮುಚ್ಚಿಕೊಂಡೇ ಮುಂದಿನ ಅಕ್ಷರದ ಬಗ್ಗೆ ಯೋಚಿಸುತ್ತಿದ್ದಳು. ‘ರೀ’ ಅನ್ನುವಾಗ ನಾಲಿಗೆ ಮೇಲೆ ಹೋಗುತ್ತದೆ, ಅದನ್ನು ತೋರಿಸುವುದು ಹೇಗೆ? ಕನ್ನಡಿ ಒಯ್ಯಬೇಕು. ಹಾಗೆ ಯೋಚಿಸುತ್ತಿರುವಾಗ ಅವಳಿಗೆ ಒಂದು ಸಂಗತಿ ಹೊಳೆಯಿತು. ನಿನ್ನೆ ಮಧ್ಯಾಹ್ನದಿಂದ ತಾನು ಯಾರ ದನಿಗೂ ಕಿವಿಗೊಟ್ಟು ಕಾದಿರಲಿಲ್ಲ. ಕಾಯುವುದನ್ನೇ ಮರೆತುಬಿಟ್ಟಿದ್ದಳು.

ಎಲ್ಲರೂ ಆಮೆನ್ ಎಂದರು. ಸುವಾರ್ತಾಳೂ ಆಮೆನ್ ಎಂದು, ತನ್ನ ಗಂಟಲನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡಳು.